ಮಾವನಿಗೆ ಬಟ್ಟೆ ಇಡದ ಸಂಕ್ರಾಂತಿಗಳು

ನಾನು ಹುಟ್ಟಿ ಬೆಳೆದದ್ದು ಕೊರಟಗೆರೆ ತಾಲ್ಲೂಕಿನಲ್ಲಿ, ಹೊಳವನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಸಂಕ್ರಾಂತಿ ಬದುಕಿರುವವರ ಹಬ್ಬ. ಹಬ್ಬ ಇನ್ನೂ ದೂರ ಇರುವಾಗಲೇ ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹರವುತ್ತಿದ್ದೆವು. ಬೆಲ್ಲವನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುವ ಕೆಲಸ ಹೆಣ್ಣುಮಕ್ಕಳದು. ಕತ್ತರಿಸಿದ್ದಕ್ಕಿಂತ ತಿಂದದ್ದೇ ಹೆಚ್ಚೆಂದು ಅಮ್ಮ ಬೈಯುತ್ತಿದ್ದಳು. ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದಿನ ದಾರಿಗೆ ಹುಲ್ಲು ಹರಡಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಿದ್ದರು. ಸತ್ತವರಿಗೆ ಎಡೆ ಇಡುವುದಕ್ಕೆ ಮಹಾಲಯ ಅಮಾವಾಸ್ಯೆ ಬೇರೆಯೇ ಇತ್ತು. ಆ ಎರಡನ್ನೂ ಒಂದೇ ದಿನ ಮಾಡುವವರೂ ಇದ್ದಾರೆಂದು ಮದುವೆಯಾಗುವವರೆಗೆ ನನಗೆ ಗೊತ್ತಿರಲಿಲ್ಲ.

ಮದುವೆಯಾದದ್ದು ಪಾವಗಡ ತಾಲ್ಲೂಕಿನವರನ್ನು. ಗಂಡನ ಊರು ನಾಗಲಮಡಿಕೆಯಿಂದ ಇನ್ನೂ ಒಳಗೆ, ಆಂಧ್ರದ ಗಡಿಗೆ ಒತ್ತಿಕೊಂಡಿದೆ. ಮನೆಯಲ್ಲಿ ಒಂದು ಮಾತು ಕನ್ನಡ, ಇನ್ನೊಂದು ತೆಲುಗು. ಗಂಡನಿಗೆ ಮಧುಗಿರಿಯಲ್ಲಿ ಪಂಪ್‌ಸೆಟ್ ಮೋಟರುಗಳನ್ನು ರಿಪೇರಿ ಮಾಡುವ ಅಂಗಡಿ ಇದೆ. ನಾನು ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಾಸವೆಲ್ಲ ಮಧುಗಿರಿ, ಹಬ್ಬಕ್ಕೆ ಮಾತ್ರ ಊರು.

ಮೊದಲ ಸಂಕ್ರಾಂತಿಗೆ ತವರಿನಿಂದ ಡಬ್ಬಿ ತುಂಬ ಎಳ್ಳು ಬೆಲ್ಲ ಒಯ್ದಿದ್ದೆ. ಅತ್ತೆ ಅದನ್ನು ಪ್ರೀತಿಯಿಂದಲೇ ತೆಗೆದುಕೊಂಡು ಒಳಗಿಟ್ಟರು. ಆಮೇಲೆ ನಡುಮನೆಯ ಗೋಡೆಯ ಪಕ್ಕ ಮಣೆ ಹಾಕಿ, ದೊಡ್ಡ ಮೊರವೊಂದರಲ್ಲಿ ಹೊಸ ಬಟ್ಟೆಗಳನ್ನು ಜೋಡಿಸತೊಡಗಿದರು. ಪಂಚೆ, ಟವೆಲ್ಲು, ಎರಡು ಸೀರೆ, ರವಿಕೆ ಕಣ. ಹೊಸ ಸೊಸೆಗೆ ಇರಬೇಕೆಂದು ನಾನು ಒಂದು ಗಳಿಗೆ ಸಂಭ್ರಮಪಟ್ಟೆ. ಅತ್ತೆ ಅದರ ಪಕ್ಕದಲ್ಲಿ ಎಲೆ ಅಡಿಕೆಯ ಜೊತೆಗೆ ಒಂದು ಕಟ್ಟು ಬೀಡಿಯನ್ನೂ ಇಟ್ಟಾಗ ಏನೂ ಅರ್ಥವಾಗಲಿಲ್ಲ.

ನನ್ನ ಮುಖ ನೋಡಿ ಬಿಡಿಸಿ ಹೇಳಿದವರು ಮಾವ. ಅವರು ಹೆಚ್ಚು ಮಾತಾಡುವ ಜಾತಿಯಲ್ಲ. ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. ಪಂಚೆ ಅವರ ಅಪ್ಪನದು, ಒಂದು ಸೀರೆ ಅವರ ಅಮ್ಮನದು, ಇನ್ನೊಂದು ಮಕ್ಕಳಿಲ್ಲದೆ ತೀರಿಕೊಂಡ ಚಿಕ್ಕಮ್ಮನದು. ಬೀಡಿಯೂ ಅಪ್ಪನದೇ.

“ಕಳ್ಳೇಕಾಯಿ, ರಾಗಿ, ಅವರೆ ಎಲ್ಲಾ ಮನೆಗೆ ಬಂದೈತಲ್ಲಮ್ಮಾ,” ಎಂದರು. “ಹೊಲ ಮಾಡಿಟ್ಟೋರು ಅವ್ರು. ಅವ್ರು ಉಂಡು ಉಟ್ಟ ಮ್ಯಾಲೆ ನಾವು.”

ಎಡೆ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದಂತೆ. ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಮಾವ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದರು. ಆಮೇಲೆ ಆ ಬಟ್ಟೆಗಳನ್ನು ಮನೆಯವರಿಗೇ ಉಡಲು ಕೊಡುವುದು ಪದ್ಧತಿ. ಪಂಚೆ ನನ್ನ ಗಂಡನಿಗೆ ಬಂತು, ಚಿಕ್ಕಮ್ಮನ ಸೀರೆ ನನಗೆ. ಸತ್ತವರ ಹೆಸರಿನ ಸೀರೆ ಎಂದು ಉಡಲು ಹಿಂಜರಿದದ್ದು ನಿಜ. ಆದರೆ ಉಟ್ಟು ಹೊರಗೆ ಬಂದಾಗ ಓಣಿಯ ಮುದುಕಿಯೊಬ್ಬಳು ನನ್ನನ್ನು ನಿಲ್ಲಿಸಿ, ಯಾರ ಸೀರೆ ಎಂದು ಕೇಳಿದಳು. ಹೇಳಿದೆ. ಆ ಚಿಕ್ಕಮ್ಮ ಎಷ್ಟು ಚೆಂದ ಹಾಡುತ್ತಿದ್ದಳು, ಎಷ್ಟು ಜಗಳಗಂಟಿಯಾಗಿದ್ದಳು ಎಂದು ಮುದುಕಿ ನಿಂತಲ್ಲೇ ಹೇಳಿದಳು. ಮಕ್ಕಳಿಲ್ಲದ ಹೆಂಗಸೊಬ್ಬಳನ್ನು ಊರು ಮರೆಯದಿರಲು ಒಂದು ಸೀರೆ ಸಾಕಾಗಿತ್ತು. ಆವತ್ತಿನಿಂದ ನನಗೆ ಆ ಪದ್ಧತಿ ಇಷ್ಟವಾಯಿತು.

ಹಲವು ವರ್ಷ ಹಾಗೆಯೇ ನಡೆಯಿತು. ಆಮೇಲೆ ಆ ಭಾಗದ ಹೊಲಗಳೆಲ್ಲ ಒಂದೊಂದಾಗಿ ಸೋಲಾರ್ ಕರೆಂಟಿನ ಕಂಪನಿಗಳಿಗೆ ಹೋದವು. ನಮ್ಮ ಹೊಲವನ್ನೂ ಗುತ್ತಿಗೆಗೆ ಕೊಟ್ಟರು. ಒತ್ತಾಯ ಯಾರದೂ ಇರಲಿಲ್ಲ. ಮಾವನೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದು. ಆದರೆ ಬೆಳಿಗ್ಗೆ ಎದ್ದು ಹೊಲದ ಕಡೆ ಹೋಗುವ ಕಾಲಿನ ಅಭ್ಯಾಸ ನಿಲ್ಲಲಿಲ್ಲ. ಬೇಲಿಯ ಪಕ್ಕ ನಡೆದು ನಡೆದು ಎಲ್ಲಿಗೋ ಹೋಗಿಬಿಡುತ್ತಿದ್ದರು. ಹುಣಸೆ ಮರ, ಬಾವಿ, ಬದು ಯಾವುದೂ ಇಲ್ಲ, ಕಣ್ಣು ಹೋದಷ್ಟು ದೂರ ನೀಲಿ ಗಾಜಿನ ಹಲಗೆಗಳ ಸಾಲು. ಎರಡು ಮೂರು ಸಲ ಬೇರೆ ಊರಿನವರು ಬೈಕಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ಗುರುತುಗಳೆಲ್ಲ ಹೋದದ್ದರಿಂದ ಹಾಗಾಯಿತೋ, ವಯಸ್ಸಿನ ಮರೆವು ಅದೇ ಹೊತ್ತಿಗೆ ಶುರುವಾಗಿತ್ತೋ ಹೇಳಲಾರೆ. ಒಮ್ಮೆ ನನ್ನನ್ನು ತಮ್ಮ ಚಿಕ್ಕಮ್ಮ ಎಂದುಕೊಂಡು, ಊಟ ಆಯಿತೇ ಎಂದು ಬಹುವಚನದಲ್ಲಿ ಕೇಳಿದರು.

ಒಂದು ಕಾರ್ತೀಕದ ಬೆಳಿಗ್ಗೆ, ನಾಗಲಮಡಿಕೆಗೆ ಹೋಗಿ ಸುಬ್ಬರಾಯ ಸ್ವಾಮಿಗೆ ಕೈ ಮುಗಿದು ಬರುತ್ತೇನೆಂದು ಅತ್ತೆಗೆ ಹೇಳಿ ಹೊರಟರು. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಚಪ್ಪಲಿ. ಸಂಜೆಯಾದರೂ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ.

ಹುಡುಕಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು. ಫೋಟೊ ಹಾಕಿದ ಚೀಟಿಗಳನ್ನು ಪಾವಗಡ, ಮಧುಗಿರಿ, ಶಿರಾ, ಹಿಂದೂಪುರ ಬಸ್‌ಸ್ಟ್ಯಾಂಡುಗಳ ಗೋಡೆಗೆ ಅಂಟಿಸಿದೆವು. ನನ್ನ ಗಂಡ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆ, ಛತ್ರ, ಮಠ ಎಲ್ಲ ಸುತ್ತಿದರು. ಗಂಡನ ಅಕ್ಕ ಶಿರಾದಲ್ಲಿದ್ದಾರೆ. ಅವರ ಪಕ್ಕದ ಮನೆಯ ಮುಸ್ಲಿಂ ಹೆಂಗಸೊಬ್ಬರು ಮಾರ್ಕೆಟ್ಟಿನಲ್ಲಿ ಮಾವನಂತೆಯೇ ಇರುವ ಒಬ್ಬ ಮುದುಕನನ್ನು, ಅವರ ಮಾತಿನಲ್ಲಿ ಬಡೇಮಿಯಾನನ್ನು, ಕಂಡೆನೆಂದು ಫೋನು ಮಾಡಿಸಿದರು. ಓಡಿಹೋಗಿ ನೋಡಿದರೆ ಅವನು ಬೇರೆ ಯಾರೋ. ಆ ಮುದುಕನಿಗೂ ತನ್ನ ಊರು ನೆನಪಿರಲಿಲ್ಲ. ಅವನಿಗೆ ಚಹಾ ಕುಡಿಸಿ ಬಂದೆವೆಂದು ಹೇಳುವಾಗ ನನ್ನ ಗಂಡ ಮೊದಲ ಸಲ ಅತ್ತರು.

ಎರಡು ತಿಂಗಳಿಗೆ ಸಂಕ್ರಾಂತಿ ಬಂತು. ಮೊರದಲ್ಲಿ ಹಳಬರ ಬಟ್ಟೆ ಮಾತ್ರ ಇತ್ತು. ಮಾವನ ಬದಲು ನನ್ನ ಗಂಡ ಕೆಮ್ಮಿ ಬಾಗಿಲು ತಟ್ಟಿದರು. ಅಷ್ಟೇ.

ಮಾವನಿಗೂ ಬಟ್ಟೆ ಇಡಬೇಕೆಂಬ ಮಾತು ಎದ್ದದ್ದು ಅದರ ಮುಂದಿನ ವರ್ಷಗಳಲ್ಲಿ. ಗಂಡನ ಅಕ್ಕನ ಮಗಳಿಗೆ ಬಂದ ಸಂಬಂಧಗಳು ಒಂದರ ಹಿಂದೆ ಒಂದು ಮುರಿದವು. ಅಂಗಡಿಯಲ್ಲಿ ಕೆಲಸಕ್ಕಿದ್ದವನಿಗೆ ಕರೆಂಟು ಹೊಡೆದು ಆಸ್ಪತ್ರೆ ಸೇರಿದ. ಯಾರೋ ಶಾಸ್ತ್ರ ಕೇಳಿಸಿದರು. ಮನೆಯ ಹಿರಿಯರೊಬ್ಬರು ಅನ್ನ ನೀರಿಲ್ಲದೆ ಅಲೆಯುತ್ತಿದ್ದಾರೆ ಎಂದು ಶಾಸ್ತ್ರ ಹೇಳುವವರು ಅಂದರಂತೆ. ಊರಲ್ಲಿ ಅತ್ತೆಯ ಹಣೆಯ ಕುಂಕುಮವನ್ನು ಹೆಂಗಸರು ಒಂದು ಥರ ನೋಡತೊಡಗಿದರು. ಅರಿಶಿನ ಕುಂಕುಮಕ್ಕೆ ಕರೆಯಲೋ ಬೇಡವೋ ಎಂದು ಗೊತ್ತಾಗದೆ, ಕೊನೆಗೆ ಕರೆಯುವುದನ್ನೇ ಬಿಟ್ಟರು. ಅತ್ತೆ ಮಾತ್ರ ಬೆಳಿಗ್ಗೆ ಎದ್ದು ಮುಖ ತೊಳೆದು ಕುಂಕುಮ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ.

ಅಂಥ ಒಂದು ಸಂಕ್ರಾಂತಿಗೆ ನನ್ನ ಗಂಡ ಮಧುಗಿರಿಯಿಂದಲೇ ಒಂದು ಪಂಚೆ ತಂದಿದ್ದರು. ಅಕ್ಕ ತಮ್ಮ ಮಾತಾಡಿಕೊಂಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅತ್ತೆ ಒಲೆಯ ಮುಂದೆ ಪೊಂಗಲಿ ನೋಡಿಕೊಳ್ಳುತ್ತಿದ್ದಾಗ ಗಂಡ ಆ ಪಂಚೆಯನ್ನು ಮೊರದಲ್ಲಿ, ತಮ್ಮ ತಾತನ ಪಂಚೆಯ ಕೆಳಗೆ ಇಟ್ಟರು. ಅತ್ತೆ ಎಡೆ ಬಡಿಸಲು ಬಂದವರು ಮೊರ ನೋಡಿದರು. ಕೆಳಗಿನ ಪಂಚೆಯನ್ನು ಎರಡು ಬೆರಳಲ್ಲಿ ಎಳೆದು ಹೊರಗೆ ತೆಗೆದರು.

“ಇದ್ಯಾರ್ದು?”

“ಅಪ್ಪಂದು,” ಎಂದರು ನನ್ನ ಗಂಡ.

“ನೀನು ಕಣ್ಣಾರೆ ಕಂಡ್ಯಾ?”

ಇಷ್ಟು ವರ್ಷವಾಯಿತು, ಇದ್ದಿದ್ದರೆ ಎಲ್ಲಾದರೂ ಸಿಗುತ್ತಿರಲಿಲ್ಲವೇ ಎಂದು ಅಕ್ಕ ಸಮಾಧಾನದ ದನಿಯಲ್ಲಿ ಶುರುಮಾಡಿದರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ.

“ಬದುಕಿರೋ ಮನುಷ್ಯಂಗೆ ಇಲ್ಲಿ ಇಕ್ಕಿದ್ರೆ, ಇಕ್ಕಿದ ಗಳಿಗೇಲೇ ಅವ್ರ ಉಸಿರು ನಿಂತೋಗುತ್ತೆ. ಎಲ್ಲೋ ಒಂದ್ ಕಡೆ ಕೂತು ಉಣ್ತಿರ್ತಾರೆ, ಅಂಗೇ ಹೋಗ್ಬುಡ್ತಾರೆ. ಆ ಕೆಲ್ಸ ನನ್ ಕೈಲಿ ಮಾಡಿಸ್ಬ್ಯಾಡ ನಾಯನಾ.”

“ಸತ್ತೋಗಿದ್ರೆ?” ಎಂದರು ಅಕ್ಕ. “ಎಲ್ರೂ ಬಂದು ಉಂಡು ಹೋಗ್ತಾರೆ. ಅಪ್ಪ ಒಬ್ರೇ ಬಾಗ್ಲಾಚೆ ನಿಂತ್ಕಂಡಿರ್ತಾರೆ. ನಮ್ಮನೇನೇ, ನಂಗ್ಯಾಕೆ ಇಕ್ಕಿಲ್ಲ ಅಂತ.”

ಆ ಹೊತ್ತಿನಲ್ಲಿ ನಾನು ಯಾರ ಪರವೂ ನಿಲ್ಲಲಾರದೆ ಹೋದೆ. ಇಬ್ಬರ ಭಯವೂ ನಿಜವಾದ ಭಯವೇ ಆಗಿತ್ತು. ಒಬ್ಬರಿಗೆ ತಾವು ಗಂಡನನ್ನು ಕೊಂದಂತಾಗುತ್ತದೆಂಬ ಭಯ, ಇನ್ನೊಬ್ಬರಿಗೆ ಅಪ್ಪನನ್ನು ಹಸಿದುಕೊಂಡಿರಲು ಬಿಟ್ಟಂತಾಗುತ್ತದೆಂಬ ಭಯ. ಆ ವರ್ಷ ಎಡೆ ಇಟ್ಟು ಹೊರಗೆ ಬಂದಾಗ ಜಗಲಿಯ ಮೇಲೆ ಯಾರೂ ಪಕ್ಕಪಕ್ಕ ಕೂರಲಿಲ್ಲ. ಅಕ್ಕ ಊಟ ಮಾಡದೆ ಶಿರಾದ ಬಸ್ಸು ಹಿಡಿದರು. ಆ ಪಂಚೆಯನ್ನು ಗಂಡ ವಾಪಸು ತಂದು, ಅಂಗಡಿಯ ಹತ್ತಿರ ಯಾರಿಗೋ ಕೊಟ್ಟುಬಿಟ್ಟರಂತೆ.

ಅದರ ಮುಂದಿನ ವರ್ಷ ನಾವು ಊರಿಗೇ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ಗಂಡ ಹೇಳಿದರು. ಬೋರ್‌ವೆಲ್ ಮೋಟರುಗಳು ಸುಡುವುದು ಬೇಸಿಗೆಯಲ್ಲಿ ಎಂದು ನನಗೂ ಗೊತ್ತು, ಅತ್ತೆಗೂ ಗೊತ್ತು. ಫೋನಿನಲ್ಲಿ ಅವರು ಸರಿ ಕಣಪ್ಪ ಎಂದರಂತೆ. ಅತ್ತೆ ಒಬ್ಬರೇ ಎಡೆ ಇಟ್ಟು, ಒಬ್ಬರೇ ಹೊರಗೆ ಕೂತು, ತಾವೇ ಕೆಮ್ಮಿ ಬಾಗಿಲು ತೆಗೆದರೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ಮಧುಗಿರಿಯಲ್ಲಿ ನಾನು ನನ್ನ ತವರಿನ ಹಬ್ಬ ಮಾಡಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಎಳ್ಳು ಬೆಲ್ಲದ ಪ್ಯಾಕೆಟ್ಟುಗಳನ್ನು ಬಟ್ಟಲಿಗೆ ಸುರಿದು ಮೂರು ನಾಲ್ಕು ಮನೆಗೆ ಕೊಟ್ಟು ಬಂದೆ. ಗಂಡ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಟಿವಿ ಮುಂದೆ ಕೂತರು.

ಅದೇ ವರ್ಷ ಶಾಲೆಯಲ್ಲಿ, ಸಂಕ್ರಾಂತಿಯ ಮೂಲ ಮತ್ತು ಮಹತ್ವ ಎಂದು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳುವ ಕೆಲಸ ನನಗೆ ಬಿತ್ತು. ಹೇಳಿದೆ. ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಬೆಳೆ ಮನೆಗೆ ಬಂದಿರುತ್ತದೆ, ಚಳಿಗೆ ಚರ್ಮ ಒಡೆಯುವ ಕಾಲವಾದ್ದರಿಂದ ಎಳ್ಳು ಕೊಬ್ಬರಿಯ ಜಿಡ್ಡು ಮೈಗೆ ಬೇಕಾಗುತ್ತದೆ. ಎಲ್ಲವೂ ಸರಿಯಾದ ಮಾತೇ. ಮಕ್ಕಳು ಚಪ್ಪಾಳೆ ತಟ್ಟಿದರು. ಸ್ಟಾಫ್‌ರೂಮಿನಲ್ಲಿ ಜೊತೆಯ ಟೀಚರೊಬ್ಬರು, ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ಎಳ್ಳು ಬೆಲ್ಲ ಬೀರುತ್ತೇವೆ ಎಂದಷ್ಟೇ ಹೇಳಿ ನೋಟ್ಸ್ ತಿದ್ದತೊಡಗಿದೆ.

ನಿಜವಾದ ಮೂಲ ಏನೆಂದು ಆಮೇಲೊಮ್ಮೆ ಗಂಡನ ಊರಿನಲ್ಲೇ ಕೇಳಿ ನೋಡಿದ್ದೇನೆ. ಚಳಿಗಾಲದಲ್ಲಿ ಸತ್ತವರಿಗೂ ಚಳಿಯಾಗುತ್ತದೆ, ಅದಕ್ಕೇ ಬಟ್ಟೆ ಎಂದರು ಒಬ್ಬರು. ಮೊದಲಿಂದ ಬಂದದ್ದು ಎಂದರು ಇನ್ನೊಬ್ಬರು. ನನ್ನನ್ನು ಯೋಚನೆಗೆ ಹಚ್ಚಿದ್ದು ಹಿಂದೆ ಸೀರೆಯ ವಿಚಾರ ಕೇಳಿದ್ದ ಆ ಮುದುಕಿಯ ಮಾತು. ಅವಳ ಕಾಲದಲ್ಲಿ ಬಟ್ಟೆ ತರುತ್ತಿದ್ದದ್ದೇ ವರ್ಷಕ್ಕೊಂದು ಸಲ, ಕಳ್ಳೇಕಾಯಿ ಮಾರಿದ ಮೇಲೆ. ಆ ಒಂದೇ ಬಟ್ಟೆಯನ್ನು ಮೊದಲು ಹಿರಿಯರ ಮುಂದೆ ಇಟ್ಟು, ಅವರದೆಂದು ಹೇಳಿ, ಆಮೇಲೆ ತಾವು ಉಡುತ್ತಿದ್ದರಂತೆ. ಹಾಗೆ ಶುರುವಾಗಿದ್ದರೂ ಇರಬಹುದು. ಈಗ ಹೊಲವಿಲ್ಲ, ಫಸಲಿಲ್ಲ, ಪೊಂಗಲಿಯ ಅಕ್ಕಿಯೂ ಅವರೆಕಾಳೂ ಪಾವಗಡದ ಅಂಗಡಿಯಿಂದ ಬರುತ್ತವೆ, ಬಟ್ಟೆಯನ್ನು ವರ್ಷವಿಡೀ ತರುತ್ತೇವೆ. ಪದ್ಧತಿಗೆ ಆಧಾರವಾಗಿದ್ದದ್ದೆಲ್ಲ ಕರಗಿಹೋದರೂ ಅದರೊಳಗಿನ ಭಯ ಮಾತ್ರ ಒಂದಿಷ್ಟೂ ತೆಳುವಾಗಿಲ್ಲ.

ಈ ಸಲದ ಸಂಕ್ರಾಂತಿಗೆ ಅತ್ತೆ ಮಧುಗಿರಿಯಲ್ಲೇ ಇದ್ದರು. ಕಣ್ಣಿನ ಪೊರೆ ತೆಗೆಸಿ ಕೆಲವು ದಿನವಾಗಿತ್ತು. ಧೂಳಿಗೆ ಹೋಗುವಂತಿರಲಿಲ್ಲ, ಒಲೆಯ ಹೊಗೆಗೆ ಕೂರುವಂತಿರಲಿಲ್ಲ. ಈ ವರ್ಷ ಬಿಟ್ಟುಬಿಡೋಣ ಎಂದು ಗಂಡ ಹೇಳಿ ನೋಡಿದರು. ಅತ್ತೆ ಕೇಳಲಿಲ್ಲ. ನನ್ನನ್ನು ಕರೆದುಕೊಂಡು ಬಟ್ಟೆ ಅಂಗಡಿಗೆ ಹೋಗಿ, ಕಪ್ಪು ಕನ್ನಡಕ ತೆಗೆಯದೆಯೇ ಅಂಚು ಮುಟ್ಟಿ ನೋಡಿ, ಹಳಬರ ಲೆಕ್ಕಕ್ಕೆ ಬೇಕಾದಷ್ಟನ್ನೇ ಆರಿಸಿದರು. ಅಕ್ಕನಿಗೆ ತಾವೇ ಫೋನು ಮಾಡಿ ಬರಹೇಳಿದರು.

ನಮ್ಮದು ಬಾಡಿಗೆಯ ಮನೆ, ಮೊದಲನೇ ಮಹಡಿ. ಹಾಲಿನ ಮೂಲೆಯಲ್ಲಿ ಎಡೆ ಇಟ್ಟು, ಬಾಗಿಲು ಎಳೆದು, ನಾವು ನಾಲ್ವರೂ ಮೆಟ್ಟಿಲ ಹತ್ತಿರ ಇಕ್ಕಟ್ಟಿನಲ್ಲಿ ನಿಂತೆವು. ಕೆಳಗಿನ ಮನೆಯ ಹೆಣ್ಣುಮಗಳು ರೇಷ್ಮೆ ಲಂಗ ಹಾಕಿಕೊಂಡು ಎಳ್ಳು ಬೆಲ್ಲದ ತಟ್ಟೆ ಹಿಡಿದು ಮೇಲೆ ಬಂದಳು. ಬೀಗದ ಕೈ ಕಳೆದುಹೋಗಿದೆಯಾ ಆಂಟಿ ಎಂದು ಕೇಳಿದಳು. ಒಳಗೆ ನೆಂಟರಿದ್ದಾರೆ ಎಂದರು ಅತ್ತೆ. ಅವಳು ನಮ್ಮೆಲ್ಲರ ಮುಖ ನೋಡಿ, ಅಲ್ಲೇ ಎಳ್ಳು ಕೊಟ್ಟು ಇಳಿದುಹೋದಳು.

ಗಂಡ ಬಾಗಿಲು ತಟ್ಟಿ ಒಳಗೆ ಹೋದ ಮೇಲೆ ನಮ್ಮ ಊಟಕ್ಕೆ ಎಲೆ ಹಾಕಲು ಶುರುಮಾಡಿದೆ. ಅತ್ತೆ ನನ್ನ ಕೈಯಿಂದ ಎಲೆಗಳನ್ನು ತೆಗೆದುಕೊಂಡು ತಾವೇ ಹಾಕಿದರು. ಸಾಲಿನ ತುದಿಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿದರು. ಅದರ ಮುಂದೆ ಮಣೆ ಇಟ್ಟು, ನೀರಿಟ್ಟು, ಪೊಂಗಲಿ, ವಡೆ, ಅನ್ನ, ಅವರೆಕಾಳಿನ ಸಾರು ಎಲ್ಲವನ್ನೂ ಕ್ರಮವಾಗಿ ಬಡಿಸಿದರು. ಯಾರ ಎಲೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

“ಅಮ್ಮಾ, ಇದೂ ಎಡೆನೇ ಅಲ್ವಾ?” ಎಂದರು ಅಕ್ಕ, ಮೆಲ್ಲಗೆ.

“ಎಡೆ ಆ ಮೂಲೇಲಿ ಐತೆ,” ಎಂದರು ಅತ್ತೆ. “ಇದು ಊಟ. ನೀವು ಉಣ್ಣಿ.”

ನಾವು ಉಂಡೆವು. ತಲೆ ತಗ್ಗಿಸಿಕೊಂಡು, ತುದಿಯ ಎಲೆಯ ಕಡೆ ಕಣ್ಣು ಹಾಯಿಸದೆ, ಬೇಗ ಬೇಗ. ಎಲ್ಲರದೂ ಮುಗಿಯುತ್ತ ಬಂದಾಗ ಅತ್ತೆ ಆ ಮಣೆಯ ಮೇಲೆ ಕೂತರು. ಅವರು ಮದುವೆಯಾದಾಗಿನಿಂದ ಮಾವ ಉಂಡ ಎಲೆಯಲ್ಲೇ ಉಣ್ಣುತ್ತಿದ್ದವರು. ಹೊಸತರಲ್ಲಿ ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು, ಗಂಡನ ಹತ್ತಿರ ಜಗಳವಾಡಿದ್ದೂ ಉಂಟು. ಈಗ ಅತ್ತೆ ಯಾರೂ ಮುಟ್ಟದ ಆ ಎಲೆಯಲ್ಲಿ ತಣ್ಣಗಾದ ಅನ್ನಕ್ಕೆ ಸಾರು ಕಲಸಿ ಉಣ್ಣತೊಡಗಿದರು. ನಾನು ತುಪ್ಪ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದರು. ಒಂದು ಅಗುಳೂ ಬಿಡಲಿಲ್ಲ. ಗಂಡ ಕೈ ತೊಳೆದುಕೊಂಡು ಬಾಲ್ಕನಿಗೆ ಹೋಗಿ ಮಧುಗಿರಿ ಬೆಟ್ಟದ ಕಡೆ ಮುಖ ಮಾಡಿ ನಿಂತುಬಿಟ್ಟರು. ಅಕ್ಕ ಎಂಜಲು ಕೈಯಲ್ಲೇ ಕೂತು ಅಳುತ್ತಿದ್ದರು. ಅತ್ತೆ ಅಳಲಿಲ್ಲ. ಕಣ್ಣಿಗೆ ನೀರು ಹಾಕಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದರು.

ಅದರಿಂದ ಏನಾದರೂ ಸರಿಹೋಯಿತು ಎಂದು ನಾನು ಹೇಳಲಾರೆ. ಅಕ್ಕ ತಾಯಿಯ ಪಕ್ಕದಲ್ಲಿ ಮಲಗಿ ಎರಡು ದಿನ ಇದ್ದು ಹೋದರು, ಅಷ್ಟು ನಿಜ. ಹೊರಡುವಾಗ ನನ್ನನ್ನು ಅಡುಗೆಮನೆಗೆ ಕರೆದು, ಅಪ್ಪ ಇನ್ನೂ ಹೊರಗೇ ನಿಂತಿದ್ದಾರೆಂದು ಅನಿಸುತ್ತದೆ ಎಂದರು. ಕಳೆದ ತಿಂಗಳು ಹಿಂದೂಪುರದ ಕಡೆಯಿಂದ ಯಾರೋ ಒಂದು ಫೋಟೊ ಕಳಿಸಿದ್ದರು. ಗಡ್ಡ ಬಿಟ್ಟ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಗಂಡ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿ, ಕಿವಿ ಅಪ್ಪನದಲ್ಲ ಎಂದು ಫೋನು ಮಗುಚಿಟ್ಟರು.

ಹಬ್ಬ ಕಳೆದು ಒಂದು ಮಧ್ಯಾಹ್ನ ನಾನು ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದೆ. ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಹನಿ ಬಿದ್ದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಹಾಗೆ ಮುಚ್ಚಿಕೊಂಡೇ ಮಾತಾಡಿದರು.

“ನಂಗೆ ಸೀರೆ ಇಕ್ಕೋ ವರ್ಷ ಅವ್ರಿಗೂ ಪಂಚೆ ಇಕ್ಕಿಬುಡಮ್ಮ. ಪಕ್ಕದಾಗೇ ಇಕ್ಕು. ಅಲ್ಲಿಗಂಟ ಬ್ಯಾಡ.”

ಮಗನಿಗೆ ಹೇಳಬಾರದೇ ಎಂದು ಕೇಳಿದೆ.

“ಅವ್ನು ಬ್ಯಾಡ. ಒಂದ್ಸಲ ಇಕ್ಕಿದ್ದ, ನಾನು ತೆಗೆದ್ಬುಟ್ಟೆ. ಇನ್ನ ಅವ್ನ ಕೈಲಾಗಲ್ಲ. ನೀನು ಇಕ್ತೀಯ.”

ಅವರು ಇಷ್ಟು ವರ್ಷ ತಮ್ಮ ಕೈಯಿಂದ ದೂರವಿಟ್ಟಿದ್ದ ಕೆಲಸ ಅದು. ಅತ್ತೆ ಹೋಗುವ ವರ್ಷ ಮಾವ ಎಲ್ಲೋ ಒಂದು ಕಡೆ, ಯಾವುದೋ ಊರಿನ ಛತ್ರದಲ್ಲಿ, ಹೆಸರು ಮರೆತು ಬದುಕಿದ್ದರೆ? ಮೊರದಲ್ಲಿ ಪಂಚೆ ಇಡುವ ಆ ಕೈ ನನ್ನದಾಗಿರುತ್ತದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅಂದಿನಿಂದ ಬಟ್ಟೆ ಅಂಗಡಿಯಲ್ಲಿ ಬಿಳಿ ಪಂಚೆಯ ರಾಶಿ ಕಂಡರೆ ಬೇರೆ ಕಡೆ ನೋಡುತ್ತೇನೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಉತ್ತರಕ್ಕೆ ಕಾಯುತ್ತಿದ್ದರು. ಹೂಂ ಎಂದೆ. ಗಂಡನಿಗೆ ಇನ್ನೂ ಹೇಳಿಲ್ಲ.